ಸಹೋದರನ ವಿರುದ್ಧ ಶೈತಾನನಿಗೆ ನೆರವಾಗದಿರೋಣ

ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಮದೀನಾದಲ್ಲಿ ಒಬ್ಬ ವ್ಯಕ್ತಿಯಿದ್ದರು. ತಮಾಷೆಯ ಮಾತುಗಳಿಂದ ಪ್ರವಾದಿವರ್ಯರನ್ನು ನಗಿಸುತ್ತಿದ್ದರು. ಆದರೆ ಮದ್ಯದ ಚಟ ಅವರನ್ನು ಬಿಟ್ಟಿರಲಿಲ್ಲ. ಅದಕ್ಕಾಗಿ ಶಿಕ್ಷೆಯನ್ನೂ ಅನುಭವಿಸಿದ್ದರು. ಮತ್ತೊಮ್ಮೆ ಅವರನ್ನು ಹಿಡಿದು ತಂದಾಗ ನೆರೆದವರಲ್ಲೊಬ್ಬರು, ಇವನನ್ನು ಎಷ್ಟು ಸಲ ತರುವುದೆಂದು ಬೇಸತ್ತು ಶಪಿಸಿಬಿಟ್ಟರು. ಪ್ರವಾದಿ(ಸ)ರು ಕೂಡಲೇ ತಡೆದರು. ಆ ಮನುಷ್ಯನ ಹೃದಯದಲ್ಲಿ ಅಲ್ಲಾಹನ ಮತ್ತು ಅವನ ಸಂದೇಶವಾಹಕರ ಪ್ರೀತಿಯಿದೆ, ಆದ್ದರಿಂದ ಶಪಿಸಕೂಡದೆಂದು ಹೇಳಿದರು. ಸಹೀಹುಲ್ ಬುಖಾರಿಯಲ್ಲಿ ಹಝ್ರತ್ ಉಮರ್(ರ)ರಿಂದ ಈ ಘಟನೆ ವರದಿಯಾಗಿದೆ. ಹಝ್ರತ್ ಅಬೂ ಹುರೈರಾ(ರ)ರ ಇನ್ನೊಂದು ವರದಿಯಲ್ಲಿ, ಬಿದ್ದ ಸಹೋದರನನ್ನು ಶಪಿಸುವುದೆಂದರೆ ಅವನ ವಿರುದ್ಧ ಶೈತಾನನಿಗೆ ಸಹಾಯ ಮಾಡಿದಂತೆ ಎಂಬ ಎಚ್ಚರಿಕೆಯಿದೆ.

ಪ್ರಿಯ ಓದುಗರೇ, ಇಲ್ಲೊಂದು ಸೂಕ್ಷ್ಮವನ್ನು ಗಮನಿಸಿರಿ. ಪ್ರವಾದಿ(ಸ)ರು ಪಾಪವನ್ನು ಪಾಪವಲ್ಲವೆಂದು ಹೇಳಲಿಲ್ಲ. ಮದ್ಯ ನಿಷಿದ್ಧವಾಗಿಯೇ ಉಳಿಯಿತು, ಶಿಕ್ಷೆಯೂ ಆಯಿತು. ಆದರೆ ಆ ಮನುಷ್ಯನಿಗೆ ಸಮುದಾಯದ ಬಾಗಿಲು ಮುಚ್ಚಲಿಲ್ಲ. ಇಂದು ನಾವು ಮಾಡುತ್ತಿರುವುದೇನು?

ನಡುರಾತ್ರಿಯ ನಾಲ್ಕು ಕರೆಗಳು

ಕೆಲವು ತಿಂಗಳ ಹಿಂದೆ ಇಶಾ ನಮಾಝಿನ ಬಳಿಕ ಒಬ್ಬ ತಾಯಿ ತಮ್ಮ ಮಗನ ಮೊಬೈಲ್ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿ ಹೇಳುತ್ತಿದ್ದೇನೆ. ಮಗ ಮದ್ರಸದಲ್ಲಿ ನನ್ನ ಬಳಿಯೇ ಅಲಿಫ್, ಬಾ ಕಲಿತವನು. "ರಾತ್ರಿಯೆಲ್ಲ ಯಾರ ಹತ್ತಿರವೋ ಪಿಸುಗುಟ್ಟುತ್ತಾನೆ ಉಸ್ತಾದರೇ. ಯಾವುದೋ ಹುಡುಗಿ ಇರಬೇಕು. ನೀವೇ ನೋಡಿ ಹೇಳಿ" ಎಂದರು. ಬೀಗ ತೆರೆಯುವ ಸಂಖ್ಯೆಯನ್ನು ಅವನ ತಂಗಿ ಹೇಳಿಕೊಟ್ಟಿದ್ದಳು.

ನಾನು ನೋಡಿದೆ. ಪರರ ಗುಟ್ಟನ್ನು ಕೆದಕಬಾರದೆಂದು ಅಲ್ ಹುಜುರಾತ್ ಅಧ್ಯಾಯದ ಪಾಠ ಮಾಡುವ ನಾನೇ ನೋಡಿದೆ. ಅಲ್ಲಾಹನು ನನ್ನನ್ನು ಕ್ಷಮಿಸಲಿ. ಅದರಲ್ಲಿ ಹುಡುಗಿಯ ಹೆಸರಿರಲಿಲ್ಲ. ರಾತ್ರಿ ಒಂದೂವರೆ, ಎರಡು ಗಂಟೆಗೆ ಮಾಡಿದ ನಾಲ್ಕು ಕರೆಗಳಿದ್ದವು. ನಾಲ್ಕೂ ಒಂದೇ ಸಂಖ್ಯೆಗೆ: 14416. ಆ ಸಂಖ್ಯೆಯನ್ನು ಸರಕಾರಿ ಆಸ್ಪತ್ರೆಯ ಗೋಡೆಯ ಮೇಲೆ ಓದಿದ್ದು ನೆನಪಾಯಿತು. ಅದು ಮನಸ್ಸಿನ ಸಂಕಟಕ್ಕೆ ನೆರವು ನೀಡುವ ಸಂಖ್ಯೆ.

ಫೋನನ್ನು ಹಿಂದಿರುಗಿಸಿ ತಾಯಿಗೆ ಹೇಳಿದೆ: "ನಿಮ್ಮ ಮಗ ದಾರಿ ಹುಡುಕುತ್ತಿದ್ದಾನೆ. ಇವತ್ತು ಏನೂ ಕೇಳಬೇಡಿ. ಎಷ್ಟು ತಡವಾದರೂ ಕಾದು ಅವನ ಜೊತೆ ಊಟ ಮಾಡಿ." ಮೂರನೆಯ ರಾತ್ರಿ ಅವನೇ ತಾಯಿಯ ಮುಂದೆ ಬಾಯಿಬಿಟ್ಟ. ಎರಡು ವರ್ಷಗಳಿಂದ ಮಾದಕ ದ್ರವ್ಯದ ಬಲೆಯಲ್ಲಿದ್ದ. ನಾನು ಅವನನ್ನು ಕಂಡು, ಫೋನ್ ತೆರೆದ ತಪ್ಪಿಗೆ ಕ್ಷಮೆ ಕೇಳಿದೆ. ಆಗ ಅವನಾಡಿದ ಮಾತು ಇಂದಿಗೂ ನನ್ನ ಎದೆಯಲ್ಲಿ ಮುಳ್ಳಿನಂತಿದೆ: "ಉಸ್ತಾದರೇ, ಮೊದಲು ನಿಮ್ಮ ಹತ್ತಿರವೇ ಹೇಳಬೇಕೆಂದು ಬಂದಿದ್ದೆ. ಅವತ್ತು ಜುಮುಆದಲ್ಲಿ ಗಾಂಜಾ ಸೇದುವವರನ್ನು ನೀವು ಬೈದದ್ದು ಕೇಳಿ ಹಿಂದೆ ಹೋದೆ."

ನನ್ನ ಮುಖಕ್ಕೆ ಹೆದರಿದವನಿಗೆ ಮುಖ ಕಾಣದ ಒಂದು ದನಿ ಆಸರೆಯಾಗಿತ್ತು. ಫೋನೆಂದರೆ ಶೈತಾನನ ಪೆಟ್ಟಿಗೆ ಎಂದು ಎಷ್ಟೋ ಸಲ ಭಾಷಣ ಮಾಡಿದವನು ನಾನು. ಆ ರಾತ್ರಿ ಅದೇ ಪೆಟ್ಟಿಗೆ, ಬಾವಿಗೆ ಬಿದ್ದವನಿಗೆ ಇಳಿಬಿಟ್ಟ ಹಗ್ಗವಾಗಿತ್ತು.

ಫೋನಿನೊಳಗಿನ ಹಗ್ಗ

14416 ಎಂಬುದು ಟೆಲಿ ಮಾನಸ್ ಸೇವೆಯ ಸಂಖ್ಯೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಕೇಂದ್ರ ಸರಕಾರ ಇದನ್ನು ಆರಂಭಿಸಿತು. ಇದರ ಪ್ರಧಾನ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ತರಬೇತಿ ಪಡೆದ ಸಲಹೆಗಾರರು ಕೇಳಿಸಿಕೊಳ್ಳುತ್ತಾರೆ. ಅಗತ್ಯವಿದ್ದರೆ ಮನೋವೈದ್ಯರ ಬಳಿಗೆ ದಾರಿ ತೋರಿಸುತ್ತಾರೆ. ಮಾದಕ ವ್ಯಸನದಿಂದ ಬಿಡುಗಡೆ ಬಯಸುವವರಿಗೆ ಮತ್ತು ಅವರ ಮನೆಯವರಿಗೆ 14446 ಎಂಬ ಪ್ರತ್ಯೇಕ ಉಚಿತ ಸಂಖ್ಯೆಯಿದೆ. ಎಚ್‌ಐವಿ, ಏಡ್ಸ್ ಬಗ್ಗೆ ಸಂಶಯವಿದ್ದವರಿಗೆ 1097 ಇದೆ.

ಈ ಮೂರನ್ನು ಒಟ್ಟಿಗೆ ಹೇಳಲು ಕಾರಣವಿದೆ. ಅನೇಕ ಮನೆಗಳಲ್ಲಿ ಇವು ಒಂದೇ ಬಾಗಿಲಿನಿಂದ ಒಳಬರುತ್ತವೆ. ಮನಸ್ಸಿನ ಬೇಗುದಿ ತಡೆಯಲಾರದೆ ಒಬ್ಬ ಅಮಲಿನ ಮೊರೆಹೋಗುತ್ತಾನೆ. ಅಮಲು ಸೂಜಿಯವರೆಗೆ ಮುಟ್ಟಿದರೆ, ಒಂದೇ ಸೂಜಿಯನ್ನು ಹಂಚಿಕೊಂಡವರ ರಕ್ತಕ್ಕೆ ಎಚ್‌ಐವಿ ವೈರಸ್ ಸೇರುತ್ತದೆ. ಅಮಲಿನಲ್ಲಿ ಲಜ್ಜೆ, ವಿವೇಕ ಕಳೆದುಕೊಂಡವನು ವ್ಯಭಿಚಾರಕ್ಕಿಳಿದು ಅದೇ ರೋಗವನ್ನು ನಿರಪರಾಧಿ ಪತ್ನಿಗೆ ತಂದು ಕೊಡುತ್ತಾನೆ. ರೋಗ ತಿಳಿದಾಗ ಮನಸ್ಸು ಮತ್ತೆ ಕುಸಿಯುತ್ತದೆ. ಈ ಸರಪಳಿಯ ಪ್ರತಿಯೊಂದು ಕೊಂಡಿಯನ್ನೂ ಬಿಗಿಯಾಗಿ ಹಿಡಿದಿರುವುದು ಮೌನ.

ಚಟ ದೇವಭಯದ ಕೊರತೆ ಮಾತ್ರ ಎಂದು ಭಾವಿಸಬೇಡಿರಿ. ಆರಂಭ ಪಾಪದಿಂದಲೇ ಆಗಿರಬಹುದು. ಆದರೆ ಬೇರೂರಿದ ಬಳಿಕ ಅದು ರೋಗವೂ ಹೌದು. ಹಠಾತ್ತನೆ ಬಿಟ್ಟರೆ ಕೆಲವರಿಗೆ ನಡುಕ, ಅಪಸ್ಮಾರ ಬರುವುದುಂಟು. ಆದ್ದರಿಂದ ಕೋಣೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ, ವೈದ್ಯರು ಬೇಕು. ಬಿಟ್ಟವನು ಮತ್ತೆ ಜಾರಿದರೆ ಎಲ್ಲವೂ ಮುಗಿಯಿತೆಂದಲ್ಲ. ಮದ್ಯದ ನಿಷೇಧವನ್ನೇ ಅಲ್ಲಾಹನು ಅಲ್ ಬಕರ, ಅನ್ನಿಸಾ, ಅಲ್ ಮಾಇದ ಅಧ್ಯಾಯಗಳಲ್ಲಿ ಹಂತ ಹಂತವಾಗಿ ಅವತೀರ್ಣಗೊಳಿಸಿದನಲ್ಲವೇ? ನಿಷೇಧ ಇಂದು ಪೂರ್ಣವಾಗಿದೆ, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ತಿದ್ದುವವನಿಗೆ ಇರಬೇಕಾದ ತಾಳ್ಮೆಯ ಪಾಠ ಅದರಲ್ಲಿದೆ.

ಮನಸ್ಸಿನ ದುಃಖವನ್ನು ಈಮಾನಿನ ದೌರ್ಬಲ್ಯವೆನ್ನುವವರು ಪ್ರವಾದಿ ಯಅ್‌ಕೂಬ್(ಅ)ರನ್ನು ನೆನೆಯಲಿ. ಮಗನ ಅಗಲಿಕೆಯ ದುಃಖದಿಂದ ಅವರ ಕಣ್ಣುಗಳೇ ಬೆಳ್ಳಗಾದುದನ್ನು ಯೂಸುಫ್ ಅಧ್ಯಾಯ ತಿಳಿಸುತ್ತದೆ. ಆ ದುಃಖಕ್ಕಾಗಿ ಅಲ್ಲಾಹನು ಅವರನ್ನು ಜರೆಯಲಿಲ್ಲ. ಹಿಜರಿ ಮೂರನೆಯ ಶತಮಾನದಲ್ಲೇ ಹುಟ್ಟಿದ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎರಡನ್ನೂ ಕುರಿತು ಒಂದೇ ಗ್ರಂಥ ಬರೆದರು. ಮನಸ್ಸಿಗೂ ಕಾಯಿಲೆಯಿದೆ, ಅದಕ್ಕೂ ಮದ್ದಿದೆ ಎಂಬುದು ನಮ್ಮ ಹಿರಿಯರಿಗೆ ಹೊಸ ವಿಷಯವಾಗಿರಲಿಲ್ಲ.

ಎಚ್‌ಐವಿ ಬಗ್ಗೆ ನಮ್ಮ ಮನೆಗಳಲ್ಲಿ ಇನ್ನೂ ಹಳೆಯ ಭೀತಿಯೇ ಇದೆ. ಗಲ್ಫ್ ವೀಸಾದ ವೈದ್ಯಕೀಯ ತಪಾಸಣೆಯಲ್ಲಿ ಇದು ಗೊತ್ತಾಗಿ, ಪ್ರಯಾಣವೂ ನಿಂತು, ಕಾರಣವನ್ನು ಯಾರಿಗೂ ಹೇಳಲಾರದೆ ಕುಗ್ಗಿಹೋಗುವವರಿದ್ದಾರೆ. ಅವರಿಗೆ ಈ ಮಾತುಗಳನ್ನು ತಲುಪಿಸಿರಿ. ಸಲಾಮಿಗೆ ಕೈ ನೀಡುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಒಂದೇ ಸಫ್‌ನಲ್ಲಿ ನಿಲ್ಲುವುದರಿಂದ ಇದು ಹರಡುವುದಿಲ್ಲ. 2004ರಿಂದ ನಮ್ಮ ದೇಶದಲ್ಲಿ ಸರಕಾರಿ ಕೇಂದ್ರಗಳಲ್ಲಿ ಇದಕ್ಕೆ ಔಷಧಿ ಉಚಿತವಾಗಿ ಸಿಗುತ್ತದೆ. ದಿನವೂ ತಪ್ಪದೆ ಸೇವಿಸಿ, ರಕ್ತ ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ ಉಳಿದರೆ, ದಾಂಪತ್ಯದಲ್ಲಿ ಸಂಗಾತಿಗೆ ಅದು ದಾಟುವುದಿಲ್ಲ. ಸಕಾಲದಲ್ಲಿ ಚಿಕಿತ್ಸೆ ಪಡೆದರೆ ತಾಯಿಯಿಂದ ಮಗುವಿಗೆ ಹರಡದಂತೆಯೂ ತಡೆಯಬಹುದು. ಆದರೆ ರೋಗವಿರುವುದನ್ನು ಮುಚ್ಚಿಟ್ಟು ನಿಕಾಹ್ ಮಾಡಿಕೊಳ್ಳುವುದು ವಂಚನೆ. ಅದಕ್ಕೆ ಇಸ್ಲಾಮಿನಲ್ಲಿ ಎಡೆಯಿಲ್ಲ.

ಮರೆಮಾಡುವುದು ಆರಾಧನೆ

ಓರ್ವ ಮುಸ್ಲಿಮನ ಲೋಪವನ್ನು ಮರೆಮಾಡಿದವನ ಲೋಪವನ್ನು ಅಲ್ಲಾಹನು ಇಹಪರಗಳಲ್ಲಿ ಮರೆಮಾಡುವನೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ಕಲಿಸುತ್ತದೆ. ಈ ದೂರವಾಣಿ ಸೇವೆಗಳ ದೊಡ್ಡ ಗುಣವೇ ಅದು. ಕರೆ ಮಾಡಿದವನನ್ನು ಊರ ಜನ ಆಸ್ಪತ್ರೆಯ ಸಾಲಿನಲ್ಲಿ ನೋಡುವುದಿಲ್ಲ. ರಾತ್ರಿಯಲ್ಲಿ ಒಂಟಿಯಾಗಿರುವ ವಿಧವೆಗೂ, ಹಾಸ್ಟೆಲಿನ ವಿದ್ಯಾರ್ಥಿಗೂ ಅದು ಎಟಕುತ್ತದೆ. ದೇಶದ ಕಾನೂನೂ ಈ ಗೌಪ್ಯವನ್ನು ಕಾಪಾಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮತ್ತು ಅದೇ ವರ್ಷದ ಎಚ್‌ಐವಿ, ಏಡ್ಸ್ ಕಾಯಿದೆ, ಎರಡೂ 2018ರಲ್ಲಿ ಜಾರಿಗೆ ಬಂದವು. ರೋಗಿಯ ಗುಟ್ಟನ್ನು ಬಯಲು ಮಾಡುವುದನ್ನು ಅವು ತಡೆಯುತ್ತವೆ. ಕಾನೂನು ಕಾಪಾಡುವ ಗುಟ್ಟನ್ನು ನಮ್ಮ ಜಗಲಿಯ ಹರಟೆ ಕಾಪಾಡದಿದ್ದರೆ ನಾವು ಅಲ್ಲಾಹನಿಗೆ ಏನೆಂದು ಉತ್ತರಿಸೋಣ?

ಫೋನಿಗೆ ಇನ್ನೊಂದು ಮುಖವಿರುವುದನ್ನು ಮರೆತಿಲ್ಲ. ಜೂಜು, ಅಶ್ಲೀಲ ಚಿತ್ರ, ಮಾದಕ ದ್ರವ್ಯದ ವ್ಯಾಪಾರ ಎಲ್ಲವೂ ಅದರಲ್ಲಿಯೇ ನಡೆಯುತ್ತವೆ. ಫೋನಿನ ಚಟಕ್ಕೇ ಚಿಕಿತ್ಸೆ ನೀಡಲು ನಿಮ್ಹಾನ್ಸ್ 2014ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಬೇಕಾಯಿತು. ಏಡ್ಸ್ ಗುಣಪಡಿಸುತ್ತೇವೆ, ಒಂದು ಬಾಟಲಿಯಲ್ಲಿ ಕುಡಿತ ಬಿಡಿಸುತ್ತೇವೆ ಎಂಬ ಸಂದೇಶಗಳೂ ವಾಟ್ಸಾಪಿನಲ್ಲಿ ಹರಿದಾಡುತ್ತವೆ. ವೈದ್ಯ ತಿಳಿಯದೆ ಚಿಕಿತ್ಸೆ ಮಾಡಿದವನೇ ಹಾನಿಗೆ ಹೊಣೆಯೆಂದು ಹದೀಸ್ ಇರುವಾಗ, ಇಂತಹ ಸಂದೇಶವನ್ನು ಮುಂದೆ ಕಳುಹಿಸುವ ಬೆರಳೂ ವಿಚಾರಣೆಗೆ ಒಳಗಾದೀತು. ದುಆ ಮಾಡಿರಿ, ಕುರ್‌ಆನ್ ಪಾರಾಯಣ ಮಾಡಿರಿ. ಔಷಧಿಯನ್ನು ಮಾತ್ರ ನಿಲ್ಲಿಸಬೇಡಿರಿ.

ಹಗ್ಗದ ಇನ್ನೊಂದು ತುದಿ

ಆದರೆ ಸಹೋದರ ಸಹೋದರಿಯರೇ, ಹಗ್ಗವನ್ನು ಮೇಲೆ ಹಿಡಿದುಕೊಳ್ಳಲು ಒಂದು ಕೈ ಬೇಕು. ಸಲಹೆಗಾರರು ಅರ್ಧ ಗಂಟೆ ಮಾತನಾಡಬಲ್ಲರು. ಬೆಳಿಗ್ಗೆ ಎದ್ದವನಿಗೆ ಚಹಾ ಕೊಡುವವರು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು, ಜಾರಿದಾಗ ಮತ್ತೆ ಎಬ್ಬಿಸುವವರು ಮನೆಯವರೇ ಆಗಬೇಕು. ತಂದೆಯಂದಿರೇ, ಮಗ ಬಾಯಿಬಿಟ್ಟಾಗ ಮೊದಲ ಐದು ನಿಮಿಷ ಕೈಯನ್ನೂ ನಾಲಗೆಯನ್ನೂ ಹಿಡಿದುಕೊಳ್ಳಿರಿ. ಯಾರಾದರೂ ಸಾಯುವ ಮಾತನಾಡಿದರೆ ಹರಾಮ್ ಎಂದು ಉಪದೇಶಿಸಿ ಎದ್ದು ಹೋಗಬೇಡಿರಿ. ಅವರನ್ನು ಒಂಟಿಯಾಗಿ ಬಿಡದೆ ಆಗಲೇ ಕರೆ ಮಾಡಿರಿ. ಮಸೀದಿಯ ಆಡಳಿತದವರೇ, ವುಝೂ ಮಾಡುವ ಸ್ಥಳದ ಬಳಿ ಈ ಮೂರು ಸಂಖ್ಯೆಗಳನ್ನು ಬರೆಸಿರಿ. ಅಲ್ಲಿ ನಿಂತು ಓದಿದವನನ್ನು ಯಾರೂ ಸಂಶಯದಿಂದ ನೋಡಲಾರರು. ಖತೀಬರೇ, ನನ್ನಂತಹ ಉಸ್ತಾದರೇ, ಪಾಪದ ಬಗ್ಗೆ ಮಾತನಾಡುವಾಗ ಅದೇ ಪಾಪದಲ್ಲಿ ನರಳುತ್ತಿರುವ ಒಬ್ಬ ಹಿಂದಿನ ಸಫ್‌ನಲ್ಲಿ ಕುಳಿತಿದ್ದಾನೆಂದು ತಿಳಿದೇ ಮಾತನಾಡೋಣ.

ಆ ಯುವಕ ಈಗ ಚಿಕಿತ್ಸೆಯಲ್ಲಿದ್ದಾನೆ. ನಡುವೆ ಒಮ್ಮೆ ಜಾರಿದ. ಆ ರಾತ್ರಿ 14416ಕ್ಕೂ ಕರೆ ಮಾಡಿದ, ನನಗೂ ಕರೆ ಮಾಡಿದ. ಎರಡನೆಯ ಕರೆಯನ್ನು ನಾನು ಅಲ್ಲಾಹನ ಅನುಗ್ರಹವೆಂದೇ ಭಾವಿಸಿದ್ದೇನೆ.

ತನ್ನ ಮೇಲೆ ತಾನೇ ಅತಿರೇಕವೆಸಗಿಕೊಂಡ ದಾಸರೂ ತನ್ನ ಕಾರುಣ್ಯದ ಬಗ್ಗೆ ನಿರಾಶರಾಗಬಾರದೆಂದು ಅಝ್ಝುಮರ್ ಅಧ್ಯಾಯದಲ್ಲಿ ಅಲ್ಲಾಹನು ಕರೆಯುತ್ತಿದ್ದಾನೆ. ಅವನು ತೆರೆದಿಟ್ಟ ಬಾಗಿಲನ್ನು ಮುಚ್ಚುವ ಅಧಿಕಾರ ನಮಗಿಲ್ಲ. ಬಿದ್ದವರನ್ನು ಎತ್ತುವ ಕೈಗಳನ್ನೂ ಗುಟ್ಟನ್ನು ಕಾಯುವ ನಾಲಗೆಗಳನ್ನೂ ಅವನು ನಮಗೆ ಕರುಣಿಸಲಿ. ನಮ್ಮ ಮಕ್ಕಳನ್ನು ಅಮಲಿನಿಂದ, ರೋಗದಿಂದ, ನಿರಾಶೆಯಿಂದ ಕಾಪಾಡಲಿ. ಆಮೀನ್.