ಹಸಿವಿನ ಹೊಣೆ ಯಾರದು?

ಪಂಕ್ತಿಯಲ್ಲಿ ಕುಳಿತವರೊಬ್ಬರು ಮೂರನೆಯ ಬಾರಿ ಅನ್ನ ಹಾಕಿಸಿಕೊಂಡರೆ ಅಕ್ಕಪಕ್ಕದವರ ದೃಷ್ಟಿ ಅತ್ತ ಹೊರಳುತ್ತದೆ. ಬಾಯಿಬಿಟ್ಟು ಯಾರೂ ಏನನ್ನೂ ಆಡುವುದಿಲ್ಲ. ಮನಸ್ಸಿನಲ್ಲಿ ಮಾತ್ರ ತೀರ್ಪು ಆಗಿಹೋಗಿರುತ್ತದೆ. ಹೊಟ್ಟೆಬಾಕ, ತಿಂಡಿಪೋತ, ಬಾಯಿಚಪಲದವನು - ಹೆಚ್ಚು ಉಣ್ಣುವವನಿಗೆ ನಮ್ಮ ಭಾಷೆಯಲ್ಲಿರುವ ಹೆಸರುಗಳೆಲ್ಲ ಬೈಗುಳಗಳೇ. ಪದೇ ಪದೇ ಬಾಯಾರಿಕೆ ಎನ್ನುವವನನ್ನು ನಾವು ಹೀಗೆ ಜರೆಯುವುದಿಲ್ಲ. ಅವನಿಗೆ ನೀರು ಕೊಟ್ಟು, ಮೈಯಲ್ಲಿ ಸ್ವಸ್ಥವಿಲ್ಲವೇನೋ ಎಂದು ವಿಚಾರಿಸುತ್ತೇವೆ. ಹಸಿವಿನ ವಿಷಯದಲ್ಲಿ ಮಾತ್ರ ವಿಚಾರಿಸುವ ಮೊದಲೇ ನ್ಯಾಯಪೀಠವನ್ನೇರಿ ಕುಳಿತುಬಿಡುತ್ತೇವೆ. ಇದು ನ್ಯಾಯವೆ? ಪ್ರಿಯ ವಾಚಕರೇ, ಈ ಪ್ರಶ್ನೆಯನ್ನು ತಾವು ಸ್ವಲ್ಪ ಸಾವಧಾನದಿಂದ ಪರಿಶೀಲಿಸಬೇಕೆಂದು ಬೇಡುತ್ತೇನೆ.

ಮಿತಾಹಾರವನ್ನು ಹೊಗಳದ ನೀತಿಬೋಧಕರಿಲ್ಲ. ಜಿಹ್ವೆಯನ್ನು ಗೆದ್ದವನು ಉಳಿದ ಇಂದ್ರಿಯಗಳನ್ನೂ ಗೆಲ್ಲಬಲ್ಲನೆಂಬುದು ಹಿರಿಯರು ಕಂಡುಕೊಂಡ ಸತ್ಯ. ಅದನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಆ ಉಪದೇಶವನ್ನು ನಾವು ಇನ್ನೊಬ್ಬರ ಮೇಲೆ ಪ್ರಯೋಗಿಸುವಾಗ ಅದರೊಳಗೆ ನಮಗರಿಯದಂತೆಯೇ ಒಂದು ಊಹೆಯನ್ನು ಸೇರಿಸಿಬಿಡುತ್ತೇವೆ. ಹಸಿವು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಬರುತ್ತದೆ. ತಡೆದುಕೊಂಡವನು ಸಂಯಮಿ, ತಡೆಯಲಾರದವನು ದುರ್ಬಲ - ಇದೇ ಆ ಊಹೆ. ಇದು ನಿಜವೇ ಎಂಬುದನ್ನು ನಿರ್ಧರಿಸಬೇಕಾದರೆ ಉಂಡ ಅನ್ನ ಒಳಗೆ ಹೋಗಿ ಏನಾಗುತ್ತದೆಂಬುದನ್ನು ತಿಳಿಯಬೇಕು.

ವಯಸ್ಕನೊಬ್ಬನ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಆರೋಗ್ಯವಂತನಾದರೆ ಬರಿಹೊಟ್ಟೆಯಲ್ಲಿ ಆ ಇಡೀ ರಕ್ತದಲ್ಲಿ ಕರಗಿರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಚಹದ ಚಮಚೆಯಷ್ಟು ಮಾತ್ರ. ಇನ್ನು ತಟ್ಟೆಯ ಕಡೆ ನೋಡಿ. 200 ಗ್ರಾಂ ಅನ್ನದಲ್ಲಿ 50 ಗ್ರಾಮಿಗೂ ಮಿಕ್ಕು ಪಿಷ್ಟವಿರುತ್ತದೆ. ಪಿಷ್ಟವೆಂದರೆ ಗ್ಲೂಕೋಸಿನ ಕಣಗಳನ್ನು ಪೋಣಿಸಿದ ಸರ. ಜೀರ್ಣವಾಗುತ್ತಿದ್ದಂತೆ ಸರ ಕಡಿದು ಕಣಗಳು ರಕ್ತಕ್ಕೆ ಇಳಿಯುತ್ತವೆ. ಒಂದು ಚಮಚೆ ಇರಬೇಕಾದ ಕಡೆಗೆ ಹತ್ತು ಚಮಚೆಯಷ್ಟು ಸಕ್ಕರೆ ಒಂದೆರಡು ಗಂಟೆಗಳಲ್ಲಿ ನುಗ್ಗಿಬರುತ್ತದೆ! ಅದನ್ನು ಬಂದ ಬಂದ ಹಾಗೆಯೇ ವಿಲೇವಾರಿ ಮಾಡದಿದ್ದರೆ ಶರೀರಕ್ಕೆ ಉಳಿಗಾಲವಿಲ್ಲ. ಈ ಕಾರ್ಯ ಮಾಡುವುದೇ ಮೇದೋಜೀರಕ ಗ್ರಂಥಿಯಿಂದ ಒಸರುವ ಇನ್ಸುಲಿನ್. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಇಬ್ಬರು ಇದನ್ನು ಬೇರ್ಪಡಿಸಿದರು; ಮರುವರ್ಷದ ಜನವರಿಯಲ್ಲಿ ಸಾವಿನಂಚಿನಲ್ಲಿದ್ದ 14 ವರ್ಷದ ಬಾಲಕನೊಬ್ಬನಿಗೆ ಅದನ್ನು ಚುಚ್ಚಿ ಬದುಕಿಸಲಾಯಿತು.

ಇನ್ಸುಲಿನ್ನನ್ನು ಮಠದ ಉಗ್ರಾಣದ ಪಾರುಪತ್ಯಗಾರನಿಗೆ ಹೋಲಿಸಬಹುದು. ಬಂದ ಧಾನ್ಯವನ್ನು ಅವನು ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ, ಕೊಬ್ಬಿನ ಕಣಜಗಳಲ್ಲಿ ತುಂಬಿಸುತ್ತಾನೆ. ತುಂಬಿಸುತ್ತಿರುವಷ್ಟು ಹೊತ್ತು ಹೊರಕ್ಕೆ ಕೊಡುವ ಬಾಗಿಲನ್ನು ಮುಚ್ಚಿಟ್ಟಿರುತ್ತಾನೆ. ಧಾನ್ಯ ನಿಧಾನವಾಗಿ ಬಂದರೆ ಅವನ ಲೆಕ್ಕ ತಪ್ಪುವುದಿಲ್ಲ. ಹತ್ತು ಗಾಡಿ ಒಮ್ಮೆಗೇ ಬಂದು ನಿಂತರೆ ಅವನು ಗಾಬರಿಯಿಂದ ಆಳುಗಳನ್ನು ಹೆಚ್ಚಿಸುತ್ತಾನೆ. ಗಾಡಿಗಳು ಖಾಲಿಯಾದ ಮೇಲೂ ಆ ಆಳುಗಳು ಅಂಗಳದಲ್ಲಿ ಅಳಿದುಳಿದ ಕಾಳುಗಳನ್ನೂ ಬಳಿದು ಒಳಗೆ ಹಾಕಿಬಿಡುತ್ತಾರೆ. ಆಗ ರಕ್ತದ ಸಕ್ಕರೆ ಉಣ್ಣುವ ಮೊದಲಿದ್ದ ಮಟ್ಟಕ್ಕಿಂತಲೂ ಒಮ್ಮೊಮ್ಮೆ ಕೆಳಗಿಳಿಯುತ್ತದೆ. ಕಣಜ ತುಂಬಿದ್ದರೂ ಅಂಗಳ ಬರಿದು. ಅಂಗಳವನ್ನು ನೋಡಿದ ಮಿದುಳು ಊಟಕ್ಕಾಗಿ ಕೂಗುತ್ತದೆ. ಹತ್ತು ಗಂಟೆಗೆ ಸಿಹಿ ಚಹ ಮತ್ತು ಮೈದಾ ಬಿಸ್ಕತ್ತು ತಿಂದವರಿಗೆ ಹನ್ನೆರಡಕ್ಕೇ ಕೈಕಾಲು ಸೋತಂತಾಗುವುದರ ಗುಟ್ಟು ಅನೇಕರಲ್ಲಿ ಇದೇ.

1999ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಸ್ಥೂಲಕಾಯದ 12 ಮಂದಿ ಹದಿಹರೆಯದ ಹುಡುಗರ ಮೇಲೆ ನಡೆಸಿದ ಒಂದು ಪರೀಕ್ಷೆ ಇಲ್ಲಿ ಉಲ್ಲೇಖಾರ್ಹ. ಬೇರೆ ಬೇರೆ ದಿನಗಳಲ್ಲಿ ಅವರಿಗೆ ಮೂರು ಬಗೆಯ ಉಪಾಹಾರ ಕೊಟ್ಟರು: ಕ್ಷಣದಲ್ಲಿ ಕರಗುವ ಓಟ್ಸ್ ಗಂಜಿ, ದಪ್ಪನಾಗಿ ಕಡಿದ ಓಟ್ಸ್ ಗಂಜಿ, ಮೊಟ್ಟೆ-ತರಕಾರಿಗಳ ಆಹಾರ. ಕ್ಯಾಲರಿ ಮೂರರಲ್ಲೂ ಸಮ. ಆನಂತರ ಹುಡುಗರು ಬೇಕೆನಿಸಿದಷ್ಟು ತಿನ್ನಬಹುದಾಗಿತ್ತು. ಕರಗುವ ಗಂಜಿ ತಿಂದ ದಿನ ಅವರು ಮೊಟ್ಟೆ-ತರಕಾರಿ ತಿಂದ ದಿನಕ್ಕಿಂತ ಶೇಕಡಾ 81ರಷ್ಟು ಹೆಚ್ಚು ತಿಂದರು. ದಪ್ಪ ಗಂಜಿ ತಿಂದ ದಿನಕ್ಕಿಂತಲೂ ಶೇಕಡಾ 53ರಷ್ಟು ಹೆಚ್ಚು. ಅವೇ ಹುಡುಗರು, ಅದೇ ಮನೋಬಲ. ಒಂದು ದಿನ ಮಿತಾಹಾರಿಗಳಾಗಿದ್ದವರು ಇನ್ನೊಂದು ದಿನ ಹೊಟ್ಟೆಬಾಕರಾದದ್ದು ಬೆಳಗಿನ ಬಟ್ಟಲಿನಿಂದ.

ಇಷ್ಟನ್ನು ಓದಿ, ‘ಹಾಗಾದರೆ ಎಲ್ಲ ಅನರ್ಥಕ್ಕೂ ಅನ್ನವೇ ಮೂಲ’ ಎಂದು ತಾವು ತೀರ್ಮಾನಿಸಬಾರದು. ಹಾಗೆ ಬೋಧಿಸುವವರು ಇಂದು ಊರೂರಿನಲ್ಲೂ ಇದ್ದಾರೆ. ತಿನ್ನುವವನ ಮೇಲಿದ್ದ ಅಪವಾದವನ್ನು ತೆಗೆದು ಧಾನ್ಯದ ತಲೆಗೆ ಕಟ್ಟುವುದು ವಿಚಾರವಲ್ಲ, ಅಪರಾಧಿಯನ್ನು ಬದಲಿಸಿದಂತೆ ಅಷ್ಟೇ. 1995ರಲ್ಲಿ ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯದವರು 38 ಬಗೆಯ ಆಹಾರಗಳನ್ನು ಸಮಾನ ಕ್ಯಾಲರಿಯಲ್ಲಿ ತಿನ್ನಿಸಿ, ಎರಡು ಗಂಟೆಗಳ ಕಾಲ ಯಾವುದು ಎಷ್ಟು ತಣಿವು ಕೊಡುತ್ತದೆಂದು ಅಳೆದರು. ಎಲ್ಲಕ್ಕಿಂತ ಮೇಲೆ ನಿಂತದ್ದು ಬೇಯಿಸಿದ ಆಲೂಗಡ್ಡೆ! ಬಿಳಿ ಬ್ರೆಡ್ಡಿನ ಮೂರು ಪಟ್ಟಿಗೂ ಹೆಚ್ಚು ತಣಿವು ಅದರದು. ಆಲೂಗಡ್ಡೆಯಾದರೋ ರಕ್ತದ ಸಕ್ಕರೆಯನ್ನು ಬೇಗನೆ ಏರಿಸುವ ಪದಾರ್ಥ. 2021ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 20 ಜನರನ್ನು ತಮ್ಮಲ್ಲಿ ಇರಿಸಿಕೊಂಡು ಎರಡು ವಾರ ಒಂದು ಬಗೆಯ, ಇನ್ನೆರಡು ವಾರ ಮತ್ತೊಂದು ಬಗೆಯ ಊಟ ಹಾಕಿದರು. ಪಿಷ್ಟ ಹೆಚ್ಚಿದ್ದು ಕೊಬ್ಬು ಕಡಿಮೆಯಿದ್ದ ಸಸ್ಯಾಹಾರ ಉಂಡಾಗ ಇನ್ಸುಲಿನ್ ಹೆಚ್ಚಾಗಿಯೇ ಏರಿತು. ಆದರೂ ಅವರು ದಿನಕ್ಕೆ 550ರಿಂದ 700 ಕ್ಯಾಲರಿಯಷ್ಟು ಕಡಿಮೆ ಉಂಡರು. ಜಠರ ಹಿಗ್ಗಿದಾಗ ನರದ ಮೂಲಕ ಹೋಗುವ ಸುದ್ದಿ, ಕರುಳಿನಿಂದ ಒಸರುವ ರಸಗಳು, ನಾರು, ನೀರು, ಬೇಳೆಕಾಳುಗಳ ಸಸಾರಜನಕ - ಇವೆಲ್ಲ ಸೇರಿ ತಣಿವಾಗುತ್ತದೆ. ಇನ್ಸುಲಿನ್ ಕೂಡ ಮಿದುಳನ್ನು ತಲುಪಿದಾಗ ‘ಸಾಕು’ ಎಂಬ ಸುದ್ದಿಯನ್ನೇ ಒಯ್ಯುತ್ತದೆ. ಪಾರುಪತ್ಯಗಾರನೊಬ್ಬನ ಮೇಲೆಯೇ ದೂರು ಹೊರಿಸುವಂತಿಲ್ಲ. ರಾಗಿಯನ್ನು ಸಕ್ಕರೆ ಕಾಯಿಲೆಗೆ ಮದ್ದೆಂದು ತಿಳಿದು ಎರಡು ಮುದ್ದೆಯ ಬದಲು ನಾಲ್ಕು ನುಂಗುವವರಿಗೂ ಒಂದು ಮಾತು: ರಾಗಿಯಲ್ಲಿಯೂ ಹೆಚ್ಚಿನ ಭಾಗ ಪಿಷ್ಟವೇ.

ಹಸಿವು ಎಲ್ಲರಿಗೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಬೇರೊಂದಿದೆ. 1994ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು, ಮೈಯ ಕೊಬ್ಬು ತಾನೆಷ್ಟಿದ್ದೇನೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ರಸವನ್ನು ಕಂಡುಹಿಡಿದರು. ಅದಾದ ಮೇಲೆ ಇಂಗ್ಲೆಂಡಿನ ಕೇಂಬ್ರಿಜ್ ವೈದ್ಯರ ಬಳಿಗೆ 9 ವರ್ಷದ ಬಾಲೆಯೊಬ್ಬಳು ಬಂದಳು. ತೂಕ 94 ಕಿಲೋ. ಎಷ್ಟು ತಿಂದರೂ ಆ ಮಗುವಿನ ಹಸಿವು ಇಂಗುತ್ತಿರಲಿಲ್ಲ. ಆಕೆಯ ಮೈಯಲ್ಲಿ ಲೆಪ್ಟಿನ್ ಹುಟ್ಟುತ್ತಲೇ ಇರಲಿಲ್ಲ. ಅದನ್ನು ದಿನವೂ ಚುಚ್ಚತೊಡಗಿದ ಕೆಲವೇ ದಿನಗಳಲ್ಲಿ ಆಕೆ ಒಡಹುಟ್ಟಿದವರಂತೆಯೇ ಉಂಡು ಏಳತೊಡಗಿದಳು. 1999ರಲ್ಲಿ ಇದು ಪ್ರಕಟವಾಯಿತು. ಅತ್ಯಂತ ವಿರಳವಾದ ರೋಗವಿದು, ನಮ್ಮ ನಿಮ್ಮ ಹೊಟ್ಟೆಗೆ ಇದನ್ನು ನೆಪ ಮಾಡಿಕೊಳ್ಳುವಂತಿಲ್ಲ. ಆದರೂ ಕೇಳಿಕೊಳ್ಳಬೇಕು: ಆ ಸೂಜಿಮದ್ದು ಕೊಟ್ಟದ್ದು ನೀತಿಬೋಧೆಯನ್ನೇ? ಇಲ್ಲವಾದರೆ ಅದಕ್ಕೆ ಮೊದಲು ಆ ಮಗುವಿನಲ್ಲಿದ್ದದ್ದನ್ನು ದುರಾಸೆಯೆಂದು ಕರೆಯಲು ಯಾರಿಗೆ ಅಧಿಕಾರವಿತ್ತು?

ಇನ್ನು ದೃಢಮನಸ್ಕರ ಮಾತು. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ತರುಣರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟನು. ಯುದ್ಧದಿಂದ ನೊಂದ ಜನರಿಗೆ ಮತ್ತೆ ಅನ್ನವಿಕ್ಕುವ ಕ್ರಮವನ್ನು ಅರಿಯುವುದು ಉದ್ದೇಶ. ಆ ತರುಣರು ಸಾಮಾನ್ಯರಲ್ಲ. ಕೊಲ್ಲುವುದು ತಮ್ಮ ಆತ್ಮಸಾಕ್ಷಿಗೆ ಒಪ್ಪದೆಂದು ಸೈನ್ಯ ಸೇರಲು ನಿರಾಕರಿಸಿ, ಸ್ವಇಚ್ಛೆಯಿಂದ ಈ ಕಷ್ಟಕ್ಕೆ ಮುಂದಾದವರು. ಅಂಥವರು ಹಗಲಿರುಳು ಊಟದ ವಿನಾ ಬೇರೆ ಮಾತಾಡದಾದರು. ಅಡಿಗೆಯ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ತಟ್ಟೆಗಳನ್ನು ನೆಕ್ಕಿದರು. ಕೆಲವರು ನಿಯಮ ಮುರಿದು ಕದ್ದು ತಿಂದರು. ಜೊತೆಗಾರನಿಲ್ಲದೆ ಯಾರೂ ಹೊರಗೆ ಹೋಗಕೂಡದೆಂದು ಕಟ್ಟು ಮಾಡಬೇಕಾಯಿತು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕಮೇಲೂ ಹಲವರಿಗೆ ಹೊಟ್ಟೆ ಬಿರಿಯುವಂತೆ ಉಂಡರೂ ಹಸಿವು ಹೋಗಲಿಲ್ಲ. ಹೊಟ್ಟೆ ತುಂಬುವುದು ಬೇರೆ, ಹಸಿವು ಹಿಂಗುವುದು ಬೇರೆ. ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತುಗಳಿರುವುದು ಸುಮ್ಮನೆ ಅಲ್ಲ.

ಇಲ್ಲಿ ವಿಚಾರಶೀಲ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ‘ಕೋಪಕ್ಕೂ ಕಾಮಕ್ಕೂ ಗ್ರಂಥಿರಸಗಳಿವೆ, ಎಲ್ಲವನ್ನೂ ಶರೀರದ ಮೇಲೆ ಹೊರಿಸಿದರೆ ಯಾರೂ ಯಾವುದಕ್ಕೂ ಹೊಣೆಯಾಗುವುದಿಲ್ಲವಷ್ಟೆ?’ ಆಕ್ಷೇಪ ಬಲವಾದದ್ದೇ. ಆದರೆ ಕೋಪವನ್ನು ನುಂಗಿಕೊಂಡರೆ ಯಾರೂ ಸಾಯುವುದಿಲ್ಲ. ಹಸಿವನ್ನು ನಿರಂತರವಾಗಿ ನುಂಗಿಕೊಂಡು ಬದುಕಿದವರಿಲ್ಲ. ಅದು ಉಸಿರಿನ ಜಾತಿಗೆ ಹತ್ತಿರವಾದುದು: ಸ್ವಲ್ಪ ಹೊತ್ತು ಬಿಗಿಹಿಡಿಯಬಹುದು, ಸದಾ ಅಲ್ಲ. ಆದ್ದರಿಂದ ಸಂಯಮದ ಪರೀಕ್ಷೆಯನ್ನು ಹಸಿವು ಕೆರಳಿ ನಿಂತ ಮೇಲೆ, ತಟ್ಟೆಯ ಮುಂದೆ ಇಡುವುದು ಅಷ್ಟು ಉಚಿತವಲ್ಲ. ಇಳಿಜಾರಿಗೆ ಬಿದ್ದ ಬಂಡಿಯನ್ನು ಹೆಗಲು ಕೊಟ್ಟು ನಿಲ್ಲಿಸುವುದು ಸಾಹಸ. ಬೇರೆ ದಾರಿಯಿದ್ದಾಗ ಆ ಇಳಿಜಾರನ್ನೇ ಹಿಡಿಯದಿರುವುದು ವಿವೇಕ. ಸಂತೆಯಲ್ಲಿ ಏನು ಕೊಂಡೆವು, ಗಿರಣಿಯಲ್ಲಿ ಎಷ್ಟು ನುಣ್ಣಗೆ ಬೀಸಿಸಿದೆವು, ಬೆಳಗಿನ ಮೊದಲ ತುತ್ತು ಯಾವುದು - ಮನುಷ್ಯನ ಸ್ವಾತಂತ್ರ್ಯ ನಿಜವಾಗಿ ಇರುವುದು ಇಲ್ಲಿ. ಇದನ್ನು ತಿಳಿದವನ ಹೊಣೆ ತಿಳಿಯದವನದಕ್ಕಿಂತ ಹೆಚ್ಚು. ಜೊತೆಗೆ, ತಿಳಿದವನಿಗೆ ಪಕ್ಕದ ತಟ್ಟೆಯನ್ನು ತೂಗುವ ಅಧಿಕಾರ ಕಡಿಮೆ.

‘ಒಪ್ಪೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ’ ಎಂಬ ಗಾದೆಯನ್ನು ತಾವೆಲ್ಲ ಬಲ್ಲಿರಿ. ನನಗೆ ಈ ಗಾದೆಯ ಮೇಲೆ ಅಷ್ಟು ವಿಶ್ವಾಸವಿಲ್ಲ. ನೇಗಿಲು ಹಿಡಿದವನು, ಗದ್ದೆಯಲ್ಲಿ ನಾಟಿ ಮಾಡುವ ತಾಯಿ ಮೂರಲ್ಲ, ನಾಲ್ಕು ಹೊತ್ತು ಉಂಡರೂ ರೋಗಿಗಳಾಗುತ್ತಿರಲಿಲ್ಲ. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೂ ಕಾಯದೆ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಪ್ರಸಾದ ನಿಲಯಗಳಲ್ಲಿ ಉಂಡು ಬೆಳೆದ ವಾಚಕರು ತಮ್ಮ ಬಾಲ್ಯವನ್ನು ನೆನೆಯಲಿ: ನೀರು ಹೊತ್ತು, ಸೌದೆ ಒಡೆದು, ಮೈಲಿಗಟ್ಟಲೆ ನಡೆದು ಬಂದ ಹುಡುಗನಿಗೆ ದೊಡ್ಡ ಮುದ್ದೆ ಎಲ್ಲಿ ಹೋಯಿತೆಂದೇ ತಿಳಿಯುತ್ತಿರಲಿಲ್ಲ. ಅದೇ ಹುಡುಗ ಅಧಿಕಾರಿಯಾಗಿ ಮೂವತ್ತು ವರ್ಷ ಕುರ್ಚಿಯಲ್ಲಿ ಕುಳಿತು ನಿವೃತ್ತನಾಗಿದ್ದಾನೆ. ಮುದ್ದೆ ಅದೇ, ಅದನ್ನು ಬರಮಾಡಿಕೊಳ್ಳುವ ಮೈ ಬೇರೆ. ಅವನ ಸ್ನಾಯುಗಳು ಇನ್ಸುಲಿನ್ನಿನ ಮಾತನ್ನು ಕೇಳದಾಗಿವೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆಯೆಂದು ಅಂದಾಜು ಮಾಡಿತು. ಇವರೆಲ್ಲರೂ ಹೊಟ್ಟೆಬಾಕರೆ?

ಉಪವಾಸದ ಬಗ್ಗೆಯೂ ಹೇಳಬೇಕಾದ ಮಾತೊಂದಿದೆ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು ಶಿವರಾತ್ರಿಯಂದು ನಿಟ್ಟುಪವಾಸ ಮಾಡಿ, ಬೆವೆತು, ನಡುಗಿ, ತೀವ್ರವಾದ ಹಸಿವೆಯಿಂದ ಕಂಗೆಟ್ಟರೆ ಅದು ವ್ರತದ ಪರೀಕ್ಷೆಯಲ್ಲ. ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದ ಗುರುತು. ಆಗ ಬಾಯಿಗೆ ಸಕ್ಕರೆ ಹಾಕುವವನೇ ಪುಣ್ಯವಂತ. ಉಪವಾಸಕ್ಕೆ ಮೊದಲೇ ವೈದ್ಯರನ್ನು ಕೇಳತಕ್ಕದ್ದು.

ಇನ್ನು ಹೊಣೆ ತಿನ್ನುವವನೊಬ್ಬನದೇ ಅಲ್ಲ, ತಿನ್ನಿಸುವವನದೂ ಹೌದು. 2019ರಲ್ಲಿ ಮೇಲೆ ಹೇಳಿದ ಅಮೆರಿಕದ ಸಂಸ್ಥೆಯಲ್ಲಿಯೇ ಇನ್ನೊಂದು ಪ್ರಯೋಗ ನಡೆಯಿತು. ಸಕ್ಕರೆ, ಕೊಬ್ಬು, ನಾರು ಎಲ್ಲವನ್ನೂ ಸರಿಹೊಂದಿಸಿ ಬಡಿಸಿದರೂ, ಕಾರ್ಖಾನೆಯಲ್ಲಿ ತಯಾರಾದ ಪೊಟ್ಟಣದ ಆಹಾರ ಸಿಕ್ಕಾಗ ಜನರು ಮನೆಯಡಿಗೆಯಂಥ ಆಹಾರಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು. ಸಾಕೆನಿಸದಂತಹ ತಿಂಡಿಯನ್ನು ತಯಾರಿಸಿ, ಶಾಲೆಯ ಬಾಗಿಲಿಗೆ ತಂದು ಮಾರಿ, ಆಮೇಲೆ ಮಗುವಿಗೆ ಸಂಯಮ ಬೋಧಿಸುವುದು ಯಾವ ನ್ಯಾಯ? ಬಡವನ ಮನೆಯಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ. ನಮ್ಮ ರಾಜ್ಯದಲ್ಲಿ 2013ರಲ್ಲಿ ಆರಂಭವಾದ ಅನ್ನಭಾಗ್ಯ ಎಷ್ಟೋ ಒಲೆಗಳನ್ನು ಉರಿಸಿದೆ. ಹಸಿದವನಿಗೆ ಸಿಕ್ಕ ಅಕ್ಕಿಯನ್ನು ಹಳಿಯುವ ಮಾತನ್ನು ಹೊಟ್ಟೆ ತುಂಬಿದವರು ಆಡಬಾರದು. ಆದರೆ ಅಕ್ಕಿ ಕೈಗೆಟುಕಿ ಬೇಳೆ ಎಟುಕದಿದ್ದಾಗ ಬಡವನು ಅನ್ನದಿಂದಲೇ ಹೊಟ್ಟೆ ತುಂಬಿಸಿಕೊಂಡು ಬೇಗನೆ ಹಸಿಯುತ್ತಾನೆ; ಅವನ ಆಯ್ಕೆ ಅಂಗಡಿಯ ಬೆಲೆಪಟ್ಟಿಯಲ್ಲಿಯೇ ತೀರ್ಮಾನವಾಗಿರುತ್ತದೆ.

ನಮ್ಮ ಪಂಕ್ತಿಗಳಲ್ಲಿಯೂ ನೋಡಿ. ಕೋಸಂಬರಿ, ಪಲ್ಯಗಳನ್ನು ಎಲೆಯ ಮೇಲೆ ಮೊದಲು ಬಡಿಸಿ ಅನ್ನವನ್ನು ಆಮೇಲೆ ತರುವ ಪದ್ಧತಿ ಸೊಗಸಾದದ್ದು. ತರಕಾರಿ, ಸಸಾರಜನಕಗಳನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ರಕ್ತದ ಸಕ್ಕರೆ ಕಡಿಮೆ ಏರುತ್ತದೆಂದು 2015ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಸಣ್ಣ ಪರೀಕ್ಷೆ ತೋರಿಸಿದೆ. ಆದರೆ ಇಂದು ಕೋಸಂಬರಿ ಒಂದು ಚಿಟಿಕೆ, ಪಲ್ಯ ಒಂದು ಚಮಚೆ. ಅನ್ನದ ಬುಟ್ಟಿ ಮಾತ್ರ ನಾಲ್ಕು ಸಲ ಸುತ್ತುತ್ತದೆ, ಬೇಡವೆಂದು ಅಡ್ಡ ಹಿಡಿದ ಕೈಯನ್ನು ಸರಿಸಿ ಬಡಿಸುವ ಒತ್ತಾಯ ಬೇರೆ. ಬುಟ್ಟಿಯ ಬದಲು ಹೆಸರುಕಾಳಿನ, ಹುರುಳಿಯ ಪಲ್ಯದ ಪಾತ್ರೆ ಎರಡನೆಯ ಸುತ್ತು ಬಂದರೆ ಖರ್ಚು ಏರುತ್ತದೆಂದು ಅಡಿಗೆಯವರು ಹೇಳುತ್ತಾರೆ, ಅದು ನಿಜ. ದಾಸೋಹಕ್ಕೆ ವರ್ಷವರ್ಷವೂ ಅಕ್ಕಿಯ ಮೂಟೆ ಕಳಿಸುವ ಭಕ್ತರು ಈ ಸಲ ಅದರಲ್ಲಿ ಅರ್ಧದಷ್ಟು ಬೆಲೆಗೆ ಬೇಳೆಕಾಳನ್ನು ಕಳಿಸಿದರೆ ಉಗ್ರಾಣದವರು ಬೇಡವೆನ್ನಲಾರರು.