ಫ್ರೀಜರ್‌ನಲ್ಲಿಟ್ಟ ಅವರೆ ಮತ್ತು ಸಂಗ್ರಹದ ಪ್ರಶ್ನೆ

ಸುಗ್ಗಿಯಲ್ಲಿ ಮಿಕ್ಕ ತರಕಾರಿಯನ್ನು ಮನೆಯ ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಕಾಪಿಡುವ ರೂಢಿ ಧರ್ಮವಿಚಾರದ ಎರಡು ಹಳೆಯ ಪ್ರಶ್ನೆಗಳನ್ನು ಮತ್ತೆ ಎತ್ತುತ್ತದೆ. ಹಾಗೆ ಇಟ್ಟದ್ದು ತಂಗಳೇ? ನಾಳೆಗೆಂದು ಕೂಡಿಡುವುದು ಲೋಭವೇ? ಮೊದಲನೆಯದು ಬೇಗ ಬಗೆಹರಿಯುತ್ತದೆ. ಎರಡನೆಯದು ಅಷ್ಟು ಸಲೀಸಲ್ಲ.

ಹಳೇ ಮೈಸೂರು ಸೀಮೆಯ ಅವರೆಕಾಯಿಯನ್ನೇ ತೆಗೆದುಕೊಳ್ಳಬಹುದು. ಡಿಸೆಂಬರ್, ಜನವರಿಯಲ್ಲಿ ರಾಶಿ ಬೀಳುವ ಕಾಯಿ ಬೇಸಿಗೆಗೆ ಅಪರೂಪ. ಸುಲಿದ ಕಾಳನ್ನು ಕುದಿಯುವ ನೀರಿನಲ್ಲಿ 2–3 ನಿಮಿಷ ಬಿಟ್ಟು, ಅಷ್ಟೇ ಹೊತ್ತು ಐಸ್ ನೀರಿನಲ್ಲಿ ಮುಳುಗಿಸಬೇಕು. ಬಣ್ಣ, ರುಚಿ ಕೆಡಿಸುವ ಕಿಣ್ವಗಳು ಈ ಕುದಿತಕ್ಕೆ ಅಡಗುತ್ತವೆ. ಬರೀ ಚಳಿಗೆ ಅವು ಪೂರ್ತಿ ಜಗ್ಗುವುದಿಲ್ಲ. ಬಟ್ಟೆಯ ಮೇಲೆ ನೀರಾರಿಸಿದ ಕಾಳನ್ನು ತಟ್ಟೆಯಲ್ಲಿ ತೆಳ್ಳಗೆ ಹರವಿ, ಕಲ್ಲಿನಂತಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ತೆಗೆದರೆ ಗಂಟುಕಟ್ಟುವುದಿಲ್ಲ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗುಣ 8ರಿಂದ 12 ತಿಂಗಳು ನಿಲ್ಲುತ್ತದೆ. ಸೂಕ್ಷ್ಮಾಣುಗಳೆಲ್ಲ ಸಾಯುವುದಿಲ್ಲ, ಉಳಿದವು ಬೆಳೆಯದೆ ಸುಮ್ಮನಿರುತ್ತವೆ, ಅಷ್ಟೆ. ಸಿಪ್ಪೆಯ ಸೊಗಡಂತೂ ಸುಲಿದಾಗಲೇ ಹೋಗಿರುತ್ತದೆ.

ಭಗವದ್ಗೀತೆಯ 17ನೇ ಅಧ್ಯಾಯ ರಸ ಆರಿದ, ನಾತ ಹೊಡೆಯುವ, ರಾತ್ರಿ ಕಳೆದ ಆಹಾರವನ್ನು ತಾಮಸರಿಗೆ ಪ್ರಿಯವಾದದ್ದೆಂದು ಎಣಿಸುತ್ತದೆ. ಶಂಕರರ ಭಾಷ್ಯದ ಪ್ರಕಾರ ಇಲ್ಲಿ ರಾತ್ರಿ ಕಳೆದದ್ದೆಂದರೆ ಬೇಯಿಸಿದ ಮೇಲೆ ರಾತ್ರಿ ಕಳೆದದ್ದು. ಹಸಿ ಕಾಳಿಗೆ ಈ ಮಾತು ತಾಗುವುದಿಲ್ಲ. ತಾಗುವಂತಿದ್ದರೆ ಕಣಜದ ಭತ್ತವೂ ತಂಗಳಾಗಬೇಕಿತ್ತು. ಎರಡು ನಿಮಿಷ ಕುದಿದದ್ದು ಬೆಂದದ್ದೇ ಅಲ್ಲವೇ ಎಂಬ ಕೊಸರು ಮಡಿವಂತರಲ್ಲಿ ಉಳಿಯಬಹುದು. ಆದರೆ ಆ ಕಾಳು ಉಣ್ಣಬೇಕಾದರೆ ಮತ್ತೆ ಒಲೆಗೇರಲೇಬೇಕು. ಆಕ್ಷೇಪಕ್ಕೆ ನಿಜವಾದ ನೆಲೆ ಇರುವುದು, ಸಾರನ್ನೇ ಮಾಡಿ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿಟ್ಟಾಗ.

ಸಂಗ್ರಹದ ವಿಚಾರದಲ್ಲಿ ಶಾಸ್ತ್ರಗಳು ಇನ್ನೂ ಬಿಗಿ. ಮನುಸ್ಮೃತಿಯ 4ನೇ ಅಧ್ಯಾಯ ಬ್ರಾಹ್ಮಣ ಗೃಹಸ್ಥರಲ್ಲಿ ನಾಲ್ಕು ಬಗೆ ಹೇಳುತ್ತದೆ: ಕಣಜ ತುಂಬ ಧಾನ್ಯವುಳ್ಳವನು, ಗಡಿಗೆ ತುಂಬ ಉಳ್ಳವನು, ಮೂರು ದಿನಕ್ಕಾಗುವಷ್ಟು ಉಳ್ಳವನು, ನಾಳೆಗೆ ಏನೂ ಇಲ್ಲದವನು. ಇವರಲ್ಲಿ ಮುಂದುಮುಂದಿನವನೇ ಶ್ರೇಷ್ಠ. ಆದರೂ ಕಣಜದವನನ್ನು ಅದು ಹೊರಗಿಡುವುದಿಲ್ಲ.

ಇಂಗ್ಲೆಂಡಿನ ಜಾನ್ ಲಾಕ್ ಬೇರೆ ದಾರಿ ಹಿಡಿದ. 1689ರಲ್ಲಿ ಪ್ರಕಟವಾದ ಸರ್ಕಾರ ಕುರಿತ ಗ್ರಂಥದಲ್ಲಿ ಅವನ ವಾದ ಹೀಗೆ: ಕೆಡುವ ಮೊದಲು ಬಳಸಬಲ್ಲಷ್ಟು ಮಾತ್ರ ಒಬ್ಬನ ಪಾಲು; ವಾರದಲ್ಲಿ ಕೊಳೆಯುವ ಪ್ಲಮ್ ಹಣ್ಣನ್ನು ಕೊಟ್ಟು, ವರ್ಷವಿಡೀ ಬಾಳುವ ಕಾಯಿಬೀಜ ಪಡೆದವನು ಯಾರಿಗೂ ಅನ್ಯಾಯ ಮಾಡಲಿಲ್ಲ. ಫ್ರೀಜರ್ ಪ್ಲಮ್ಮನ್ನೇ ಕಾಯಿಬೀಜವಾಗಿಸುತ್ತದೆ. ಲಾಕ್‌ನ ಲೆಕ್ಕದಲ್ಲಿ ಅದು ನಿರ್ದೋಷಿ, ತಳದಲ್ಲಿ ಮರೆತುಹೋದ ಪೊಟ್ಟಣ ವರ್ಷದ ಮೇಲೆ ಕಸದ ಬುಟ್ಟಿಗೆ ಬೀಳದಿದ್ದರೆ.

12ನೇ ಶತಮಾನದ ಕಲ್ಯಾಣದ ಶರಣೆ ಆಯ್ದಕ್ಕಿ ಲಕ್ಕಮ್ಮನಿಗೆ ಈ ವಾದ ಸಾಲದು. ಚೆಲ್ಲಿದ ಅಕ್ಕಿ ಆಯುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಅವಳು ಗಂಡನನ್ನು ವಾಪಸು ಕಳಿಸಿದಳು. ಅಕ್ಕಿ ಒಂದು ದಿನಕ್ಕೆ ಹಳಸುವ ಪದಾರ್ಥವಲ್ಲ. ಕೆಡುತ್ತದೆಯೋ ಇಲ್ಲವೋ ಎಂಬುದು ಅವಳ ಪ್ರಶ್ನೆಯೇ ಆಗಿರಲಿಲ್ಲ. ಬೇಕಾದದ್ದೆಷ್ಟು ಎಂಬುದಷ್ಟೇ ಆಗಿತ್ತು. ‘ಹಾಳಾಗುವುದಿಲ್ಲವಲ್ಲ’ ಎಂಬ ಸಮರ್ಥನೆ ಅವಳ ಮುಂದೆ ನಿಲ್ಲದು.

ಫ್ರೀಜರ್ ತಂದ ಬದಲಾವಣೆ ಹೆಚ್ಚು ತಟ್ಟುವುದು ಕೊಡುವ ರೂಢಿಗೆ. ಹಿತ್ತಲಿನ ಸೀಮೆಬದನೆ, ಹೀರೇಕಾಯಿ ಬಲಿತು ಹೋಗುತ್ತದಲ್ಲ ಎಂದೇ ಪಕ್ಕದ ಮನೆಗೆ ಹೋಗುತ್ತಿತ್ತು. ಬುಟ್ಟಿ ಬರಿದಾಗಿ ಮರಳದೆ ನಾಲ್ಕು ನಿಂಬೆಹಣ್ಣನ್ನೋ ಕರಿಬೇವನ್ನೋ ತರುತ್ತಿತ್ತು. ಆ ಔದಾರ್ಯದಲ್ಲಿ ಅರ್ಧ ಪಾಲು ಕೊಳೆಯುವ ಭಯದ್ದು. ಸಂಡಿಗೆ, ಉಪ್ಪಿನಕಾಯಿಯ ಕಾಲದಲ್ಲೂ ಕೂಡಿಡುವುದು ಇತ್ತು. ಆದರೆ ಅದಕ್ಕೆ ಬಿಸಿಲು, ಉಪ್ಪು, ನಾಲ್ಕಾರು ಕೈ ಬೇಕಿತ್ತು, ಎಲ್ಲ ತರಕಾರಿಯೂ ಒಗ್ಗುತ್ತಿರಲಿಲ್ಲ. ಈಗ ಆ ಭಯವಿಲ್ಲವಾದ್ದರಿಂದ ಕೊಡುವುದು ಪೂರ್ತಿ ಮನಸ್ಸಿಗೆ ಬಿಟ್ಟದ್ದು. ಬಲವಂತವಿಲ್ಲದ ದಾನವೇ ಶುದ್ಧ ದಾನ ಎನ್ನಬಹುದು; ಆದರೆ ಬಲವಂತ ಹೋದಲ್ಲಿ ಹೆಚ್ಚಾಗಿ ದಾನವೂ ಹೋಗುತ್ತದೆ.

ಜೈನ ಶ್ರಾವಕರ ಪರಿಗ್ರಹ ಪರಿಮಾಣ ವ್ರತ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದು ಗೃಹಸ್ಥನಿಂದ ಮುನಿಯ ಅಪರಿಗ್ರಹವನ್ನು ಬಯಸುವುದಿಲ್ಲ; ಇಟ್ಟುಕೊಳ್ಳುವುದಕ್ಕೆ ಮೊದಲೇ ಅವನೇ ಒಂದು ಮಿತಿ ಗೊತ್ತುಮಾಡಿಕೊಳ್ಳಬೇಕು. ಅವರೆಯ ಮಟ್ಟಿಗೆ, ಮುಂದಿನ ಸುಗ್ಗಿಯವರೆಗೆ ಮನೆಗೆ ಬೇಕಾದ ಪೊಟ್ಟಣಗಳನ್ನು ಕಾಯಿ ಸುಲಿಯುವ ಮುಂಚೆಯೇ ಎಣಿಸಬೇಕು; ಉಳಿದ ಕಾಯಿ ಸಿಪ್ಪೆಸಮೇತ, ಸೊಗಡು ಆರುವ ಮೊದಲೇ ಹೊರಗೆ ಹೋಗಬೇಕು.