ಈ ಗಾದೆ ಯಾರ ಬಾಯಲ್ಲಿ?

‘ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?’

ಈ ಮಾತು ಕಿವಿಗೆ ಬೀಳದೆ ಬೆಳೆದ ಕನ್ನಡಿಗರು ಕಡಿಮೆ. ನಾಲ್ಕನೆಯ ಮಗು ಹುಟ್ಟಿದ ಮನೆಯಲ್ಲಿ ಅಜ್ಜಿಯರು ಆಡುತ್ತಾರೆ. ಇದ್ದ ಕೆಲಸ ಬಿಟ್ಟು ಬಂದ ಮಗನಿಗೆ ತಾಯಿ ಹೇಳುತ್ತಾಳೆ. ಅಣ್ಣತಮ್ಮಂದಿರಲ್ಲಿ ಪಾಲಾಗಿ ಬರೀ ಬಾಣಲೆ, ಎರಡು ಪಾತ್ರೆ ಕೈಗೆ ಬಂದವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಕೂಲಿ ಹೆಚ್ಚಿಸಿ ಎಂದು ಬಂದವನಿಗೆ ಜಗಲಿಯ ಮೇಲೆ ಕೂತ ಯಜಮಾನನೂ, ಎಲೆ ಅಡಿಕೆ ಮೆಲ್ಲುತ್ತಾ, ಇದನ್ನೇ ಹೇಳಿ ಕಳಿಸಿದ್ದಿದೆ. ಗಾದೆ ಒಂದೇ. ಆದರೆ ಈ ನಾಲ್ವರೂ ಒಂದೇ ಮಾತನ್ನು ಆಡಿದರು ಎಂದು ನನಗೆ ಅನ್ನಿಸುವುದಿಲ್ಲ. ಈ ಗಾದೆಯ ಬೆಲೆ ಅದನ್ನು ಆಡಿದವರು ಎಲ್ಲಿ ನಿಂತಿದ್ದರು ಎಂಬುದರ ಮೇಲೆ ನಿಂತಿದೆ.

ಮೊದಲು ಗಾದೆಗೆ ಎದುರು ನಿಲ್ಲುವ ಸಂಗತಿಯನ್ನೇ ಎತ್ತಿಕೊಳ್ಳೋಣ. ದೇವರು ಹುಲ್ಲು ಮೇಯಿಸಿದ್ದಾನೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಕ್ಷಾಮಕ್ಕೆ ಹಳಬರು ಧಾತು–ಈಶ್ವರ ಬರ ಎಂದು ಸಂವತ್ಸರದ ಹೆಸರಿಟ್ಟು ನೆನೆಯುತ್ತಿದ್ದರು. ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಅಳಿದುಹೋಯಿತು. ಕೋಲಾರ, ತುಮಕೂರಿನಂಥ ಬಯಲುಸೀಮೆಯ ಜಿಲ್ಲೆಗಳ ಪಾಡು ಹೇಳತೀರದು. ಜನ ಗೆಡ್ಡೆಗೆಣಸು ಅಗೆದು ತಿಂದರು, ಕಂಡ ಸೊಪ್ಪು ಬೇಯಿಸಿಕೊಂಡರು, ಕಾಡುಹುಲ್ಲಿನ ಬೀಜ ಆರಿಸಿ ಗಂಜಿ ಕಾಯಿಸಿದರು. ಗಂಜಿಕೇಂದ್ರ ಹುಡುಕಿಕೊಂಡು ಬೆಂಗಳೂರಿಗೆ ಹೊರಟವರು ದಾರಿಯಲ್ಲೇ ಬಿದ್ದರು. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣುಕೆಲಸ ಶುರುವಾದದ್ದೇ ಆ ಬರದ ಹೊತ್ತಿನಲ್ಲಿ, ಹಸಿದವರಿಗೆ ಕೂಲಿ ಒದಗಿಸಲೆಂದು. ಇಂದು ಆ ದಾರಿಯಲ್ಲಿ ಮದ್ದೂರು ವಡೆ ತಿನ್ನುತ್ತಾ ಹೋಗುವ ನಮಗೆ ಅದರ ನೆನಪಿರುವುದಿಲ್ಲ. ಇರಬೇಕೆಂದೂ ನಾನು ಹಟ ಹಿಡಿಯುವುದಿಲ್ಲ.

ಹಾಗಿದ್ದರೆ ಅದೇ ನೆಲದಲ್ಲಿ, ಆ ಬರವನ್ನು ಕಂಡವರ ಮಕ್ಕಳು ಮೊಮ್ಮಕ್ಕಳ ಬಾಯಲ್ಲಿ, ಈ ಗಾದೆ ಹೇಗೆ ಉಳಿಯಿತು? ಅವರು ಮರೆಗುಳಿಗಳೇನಲ್ಲ. ಸಾಲದ ಬಡ್ಡಿಯನ್ನು ಮೂರು ತಲೆಮಾರು ಬಾಯಿಪಾಠವಾಗಿ ಇಟ್ಟುಕೊಂಡ ಜನ. ದೇವರು ಅನ್ನ ಕೊಟ್ಟೇ ಕೊಡುತ್ತಾನೆ ಎಂಬ ಜಾಮೀನುಪತ್ರವೆಂದು ಅವರು ಇದನ್ನು ಓದಿದ್ದರೆ, ಧಾತು ಸಂವತ್ಸರದಲ್ಲೇ ಹರಿದು ಹಾಕಿರುತ್ತಿದ್ದರು.

ಬಿತ್ತನೆಯ ದಿನ ಹೊಲದ ಬದುವಿನಲ್ಲಿ ನಿಂತು ನೋಡಿದರೆ ಉತ್ತರದ ಒಂದು ತುದಿ ಸಿಗುತ್ತದೆ. ಮುಂದೆ ಕೂರಿಗೆ ಹೋಗುತ್ತಿರುತ್ತದೆ. ಹಿಂದೆ ಒಬ್ಬಳು ಸಡ್ಡೆಯ ಕೊಳವೆ ಹಿಡಿದು, ಮಡಿಲಿನಿಂದ ಅವರೆಯನ್ನೋ ತೊಗರಿಯನ್ನೋ ತೆಗೆದು ಅಕ್ಕಡಿ ಸಾಲಿಗೆ ಬಿಡುತ್ತಿರುತ್ತಾಳೆ. ಕೂರಿಗೆಯಿಂದ ಇಳಿಯುತ್ತಿರುವ ರಾಗಿ ಬೀಸಿದರೆ ಹಿಟ್ಟಾಗುವ ರಾಗಿಯೇ. ಹೋದ ಸುಗ್ಗಿಯಲ್ಲಿ ಬೇರೆ ತೆಗೆದು, ಬೂದಿಯೋ ಲಕ್ಕಿಸೊಪ್ಪೋ ಬೆರೆಸಿ ಕಾಪಾಡಿದ್ದು. ಬೇಸಿಗೆಯಲ್ಲಿ ಕಣಜ ಬತ್ತಿದಾಗಲೂ ಆ ಗಡಿಗೆಗೆ ಕೈ ಹಾಕಿರಲಿಲ್ಲ. ಮಕ್ಕಳು ಅರೆಹೊಟ್ಟೆಯಲ್ಲಿ ಮಲಗಿದ ರಾತ್ರಿಯೂ ಅದು ಮೂಲೆಯಲ್ಲಿ ಹಾಗೇ ಇತ್ತು. ಇವತ್ತು ಆ ಕಾಳನ್ನು ಮಣ್ಣಿಗೆ ಸುರಿಯುತ್ತಿದ್ದಾರೆ. ಮೇಲೆ ಮೋಡ ಇದೆಯೋ ಇಲ್ಲವೋ ಎಂಬಷ್ಟು. ಪಾವಗಡ, ಶಿರಾದಂಥ ಕಡೆ ಮಳೆ ಒಂದು ವಾರ ಮುನಿಸಿಕೊಂಡರೆ ಮುಗಿಯಿತು. ಇದು ಭಯದ ಕೆಲಸ. ರೂಢಿಯಾಗಿರುವುದರಿಂದ ಭಯದ ಕೆಲಸದಂತೆ ಕಾಣುವುದಿಲ್ಲ, ಅಷ್ಟೇ. ಹೀಗೆ ಉಣ್ಣುವ ಕಾಳನ್ನು ಕೈಯಾರೆ ಮಣ್ಣುಪಾಲು ಮಾಡಿದವಳು, ಸಂಜೆ ಕೈಕಾಲು ತೊಳೆದು, ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ’ ಅಂದರೆ ಅದರಲ್ಲಿ ಜಂಬವಿಲ್ಲ. ತಾನು ಮಾಡಬೇಕಾದ್ದನ್ನು ಮಾಡಿಯಾಯಿತು, ಉಳಿದದ್ದು ತನ್ನ ಕೈಯಲ್ಲಿಲ್ಲ ಎಂಬ ಲೆಕ್ಕವನ್ನು ಅವಳು ಒಪ್ಪಿಸುತ್ತಿದ್ದಾಳೆ.

ಬೀಜ ಹಾಕದವನಿಗೆ ಈ ಗಾದೆಯ ಮೇಲೆ ಹಕ್ಕಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿ. ಜಗಲಿಯ ಯಜಮಾನ ಹೇಳಿದ್ದು ಗಾದೆಯೂ ಅಲ್ಲ, ಭಕ್ತಿಯೂ ಅಲ್ಲ. ಇನ್ನೊಬ್ಬರ ಹಸಿವಿಗೆ ದೇವರನ್ನು ಸಾಕ್ಷಿಗೆ ಕರೆದು ತಾನು ತಪ್ಪಿಸಿಕೊಂಡದ್ದು.

ಇನ್ನು ಕೈಯಲ್ಲಿ ಬಿತ್ತನೆ ಕಾಳೂ ಇಲ್ಲದ, ಹೊಲವೂ ತನ್ನದಲ್ಲದ, ಆದರೆ ಕರೆ ಬಂದುಬಿಟ್ಟ ಒಬ್ಬರ ವಿಷಯ.

1930ರ ಜನವರಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತ ಓದುತ್ತಿದ್ದ ಶಿವಣ್ಣ ಎಂಬ ತರುಣ. ಮಾಗಡಿ ಸೀಮೆಯ ವೀರಾಪುರದ ರೈತರ ಮನೆಯ ಹುಡುಗ, ಹದಿಮೂರು ಮಕ್ಕಳಲ್ಲಿ ಕೊನೆಯವನು. ತುಮಕೂರಿನ ಬಳಿಯ ಸಿದ್ಧಗಂಗಾ ಮಠದಲ್ಲಿ ಕೆಲಕಾಲ ಇದ್ದು ಓದಿದವನು. ಆ ಮಠಕ್ಕೆ ಉತ್ತರಾಧಿಕಾರಿಯೆಂದು ಗೊತ್ತಾಗಿದ್ದ, ಶಿವಣ್ಣನ ಗೆಳೆಯರೂ ಆಗಿದ್ದ ಮರುಳಾರಾಧ್ಯರು ಇದ್ದಕ್ಕಿದ್ದಂತೆ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದಿದ್ದ ಈ ವಿದ್ಯಾರ್ಥಿಯ ಕಡೆಗೆ ಹಿರಿಯ ಗುರು ಉದ್ದಾನ ಶಿವಯೋಗಿಗಳು ಬೆರಳು ತೋರಿಸಿದರು. ಪದವಿ ಅಲ್ಲಿಗೇ ನಿಂತಿತು. ಅದೇ ಮಾರ್ಚ್ 3ರಂದು ವಿರಕ್ತಾಶ್ರಮ. ಆಗ ವಯಸ್ಸು ಇಪ್ಪತ್ಮೂರು ತುಂಬಿರಲಿಲ್ಲ. ಮುಂದೆ ನಾಡೆಲ್ಲ ನಡೆದಾಡುವ ದೇವರು ಎಂದು ಕರೆದ ಶಿವಕುಮಾರ ಸ್ವಾಮಿಗಳು ಹೀಗೆ, ಗೆಳೆಯನ ಮಣ್ಣಿಗೆ ಹೋಗಿ, ಮಠದವರಾದರು.

ಇಲ್ಲಿ ನಮ್ಮ ಕಣ್ಣು ಕಾವಿಗೆ ಸಿಕ್ಕಿಬೀಳುತ್ತದೆ. ಪವಾಡ ಹುಡುಕಲು ಶುರುಮಾಡುತ್ತೇವೆ. ಆ ದಿನದ ಲೆಕ್ಕ ಬೇರೆ ಇತ್ತು. ಬಂಡೆಗಲ್ಲಿನ ಬೆಟ್ಟ, ಮಳೆ ನಂಬಿದ ನೆಲ, ಪಾಠಶಾಲೆಯಲ್ಲಿ ಓದುವ ಹುಡುಗರು, ಹೊತ್ತು ಹೊತ್ತಿಗೆ ಹಸಿಯುವ ಅವರ ಹೊಟ್ಟೆಗಳು. ಮಠದ ಹಿಂದಿನ ಗುರು ಅಟವಿ ಸ್ವಾಮಿಗಳು ಹೊತ್ತಿಸಿದ ದಾಸೋಹದ ಒಲೆ ಇವತ್ತಿಗೂ ಆರಿಲ್ಲ ಎಂಬುದು ಅಲ್ಲಿನ ನಂಬಿಕೆ. ಭಕ್ತರಿಗೆ ಅದು ಕೈಮುಗಿಯುವ ಸಂಗತಿ. ಒಲೆಯ ಹೊಣೆ ಹೊತ್ತವರಿಗೆ ಎದೆ ನಡುಗಿಸುವ ಸಂಗತಿ. ಆರದ ಒಲೆ ಎಂದರೆ ಪ್ರತಿ ಬೆಳಗ್ಗೆ ಸೌದೆ ಬೇಕು, ರಾಗಿ ಬೇಕು, ನಾಳೆಯೂ ಬೇಕು. 1941ರಲ್ಲಿ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಮೇಲೆ ಇಡೀ ಮಠ ಶಿವಕುಮಾರ ಸ್ವಾಮಿಗಳ ಹೆಗಲಿಗೆ ಬಂತು. ಯುದ್ಧದ ಕಾಲ, ಧಾನ್ಯದ ಅಭಾವ, ಪಡಿತರ.

ಅವರು ಮಾಡಿದ್ದು ತೀರ ಸಾದಾ ಕೆಲಸ. ಊರೂರು ತಿರುಗಿ ಕಾಳು ಬೇಡಿದರು. ಪೂಜೆ ಮುಗಿಸಿ ಬಾಗಿಲು ಹಾಕಿಕೊಂಡು, ಕಳಿಸುವವನು ಕಳಿಸುತ್ತಾನೆ ಎಂದು ಕೂರಲಿಲ್ಲ. ಹಾಗೆಂದು, ಇಷ್ಟು ಮೂಟೆ ಸೇರಿದ ಮೇಲೆ ಇಷ್ಟೇ ಹುಡುಗರು ಎಂದು ಬಾಗಿಲಲ್ಲಿ ಕೂತು ಎಣಿಸಲೂ ಇಲ್ಲ. ಜಾತಿ ಕೇಳದೆ, ಮತ ಕೇಳದೆ ಸೇರಿಸಿಕೊಂಡ ಮಕ್ಕಳ ಸಂಖ್ಯೆ ಅವರ ಕಾಲದಲ್ಲೇ ಸುಮಾರು 10 ಸಾವಿರಕ್ಕೆ ಹೋಯಿತು. ಯಾವ ಲೆಕ್ಕಪರಿಶೋಧಕನೂ ಒಪ್ಪದ ಕ್ರಮ ಇದು. ನನ್ನ ಕುತೂಹಲ ಇಲ್ಲೇ ಇರುವುದು. ದೇವರನ್ನು ನಂಬಿದವರು ಎಂದು ನಾವು ಯಾರನ್ನು ಕರೆಯುತ್ತೇವೋ ಅವರು ಅನೇಕ ಸಲ ನಮಗಿಂತ ಹೆಚ್ಚು ಓಡಾಡಿದವರು. ರಾಗಿ ಎಲ್ಲಿಂದ ಬರುತ್ತದೆ ಎಂಬ ಚಿಂತೆಯನ್ನು ಅವರು ದೇವರ ಮೇಲೆ ಹಾಕಿದ್ದು ನಿಜ. ಗೋಣಿಚೀಲವನ್ನು ಮಾತ್ರ ತಾವೇ ಹಿಡಿದುಕೊಂಡಿದ್ದರು.

ಆ ಅಡುಗೆಮನೆಯನ್ನು ಒಮ್ಮೆ ಹೊಕ್ಕು ನೋಡಬೇಕು. ಹೆದ್ದಾರಿಯಲ್ಲಿ ಹೋಗುವವರಿಗೆ ಕ್ಯಾತ್ಸಂದ್ರ ಎಂದರೆ ತಟ್ಟೆ ಇಡ್ಲಿ. ಅಲ್ಲಿಂದ ಒಳಗೆ ತಿರುಗಿದರೆ ಮಠ. ಆ ಸೀಮೆಯವರು ಮುದ್ದೆಗೆ ಹಿಟ್ಟು ಎನ್ನುತ್ತಾರೆ. ಆಳೆತ್ತರದ ಕೊಪ್ಪರಿಗೆಗಳ ಮುಂದೆ ನಿಂತು, ಮನೆಯಲ್ಲಿ ನಾವು ಕಂಡ ಕೋಲಿಗೂ ಅದಕ್ಕೂ ಸಂಬಂಧವೇ ಇಲ್ಲವೇನೋ ಎಂಬಂಥ ಕೋಲುಗಳಿಂದ ಹಿಟ್ಟು ತಿರುವುತ್ತಾರೆ. ಸಾಲುಸಾಲಾಗಿ ಕೂತ ಹುಡುಗರು ಹಿಟ್ಟು ಮುರಿದು ಸಾರಿಗೆ ಅದ್ದಿ ನುಂಗುತ್ತಾರೆ, ಎದ್ದು ತಟ್ಟೆ ತೊಳೆಯುತ್ತಾರೆ. ಇದರಲ್ಲಿ ದೈವಿಕವಾದದ್ದು ಏನೂ ಕಾಣುವುದಿಲ್ಲ. ಗದ್ದಲ ಕಾಣುತ್ತದೆ.

2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಸ್ವಾಮಿಗಳು ಲಿಂಗೈಕ್ಯರಾದಾಗ ಸುದ್ದಿಯನ್ನು ಕೂಡಲೇ ಹೊರಹಾಕಲಿಲ್ಲ. ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ ಪ್ರಕಟಿಸಿದರು. ಅದು ಅವರದೇ ಇಚ್ಛೆಯಾಗಿತ್ತು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಊಟ ಮಾಡದೆ ಅಳುವ ಹತ್ತು ಸಾವಿರ ಮಕ್ಕಳನ್ನು ಮುಂದಾಗಿಯೇ ಕಂಡವರ ಏರ್ಪಾಟು ಇದು. ಗಾದೆಯನ್ನು ಇಷ್ಟು ಚೆನ್ನಾಗಿ ವ್ಯಾಖ್ಯಾನ ಮಾಡಿದವರನ್ನು ನಾನು ಬೇರೆ ಕಂಡಿಲ್ಲ. ಹುಲ್ಲು ಮೇಯಿಸುತ್ತಾನಾ ಎಂದು ದೇವರನ್ನು ಕೇಳುವ ಬದಲು, ಆ ಪ್ರಶ್ನೆಗೆ ತಾನೇ ಉತ್ತರ ಕೊಡಬೇಕಾದವನು ಎಂದು ಬದುಕಿಬಿಟ್ಟರು.

ಕರೆ ಬಂದವರು ಧೈರ್ಯಶಾಲಿಗಳೇ ಆಗಿರಬೇಕು ಎಂಬ ನಮ್ಮ ಎಣಿಕೆಯನ್ನೂ ಸ್ವಲ್ಪ ಸಡಿಲಿಸಬೇಕು. ಯೆಹೂದಿ ಪುರಾಣದ ಮೋಶೆಯ ಕತೆಯಲ್ಲಿ, ನಿನ್ನ ಜನರನ್ನು ಬಿಡಿಸಲು ಹೋಗು ಎಂದು ದೇವರು ಕರೆದಾಗ, ಉರಿಯುವ ಪೊದೆಯ ಮುಂದೆ ನಿಂತವನು ಒಂದರ ಮೇಲೊಂದು ನೆಪ ಹೇಳುತ್ತಾನೆ: ನಾನ್ಯಾರು ಹೋಗುವುದಕ್ಕೆ, ಜನ ನಂಬುವುದಿಲ್ಲ, ನನಗೆ ಮಾತು ಬರುವುದಿಲ್ಲ, ಕೊನೆಗೆ ಬೇರೆ ಯಾರನ್ನಾದರೂ ಕಳಿಸಬಾರದೇ ಎಂದೂ. ದೇವರು ಅವನಿಗೆ ನೀನು ಸಮರ್ಥ ಎಂದು ಬೆನ್ನು ತಟ್ಟುವುದೇ ಇಲ್ಲ. ಜೊತೆಗಿರುತ್ತೇನೆ ಎನ್ನುತ್ತಾನೆ. ತೊದಲು ತೊದಲಾಗಿಯೇ ಉಳಿಯುತ್ತದೆ, ಅಣ್ಣನನ್ನು ಮಾತಿಗೆ ಜೊತೆ ಮಾಡಿ ಕಳಿಸಲಾಗುತ್ತದೆ. ಈ ವಿವರ ನನಗೆ ಇಷ್ಟ. ಭಯ ಹೋದ ಮೇಲೆ ಹೊರಡುತ್ತೇನೆ ಎಂದಿದ್ದರೆ ಮೋಶೆ ಇಂದಿಗೂ ಮಾವನ ಕುರಿ ಕಾಯುತ್ತಿರುತ್ತಿದ್ದ.

ಇದರ ಇನ್ನೊಂದು ಮಗ್ಗುಲೂ ಇದೆ. ನಂಬಿಕೆಯ ಹೆಸರಿನಲ್ಲಿ ಹುಚ್ಚು ಸಾಹಸಕ್ಕೆ ಇಳಿದು, ಕೈಸಾಲ ಮಾಡಿ ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿ, ಹೆಂಡತಿಯ ತಾಳಿಯನ್ನೂ ಅಡವಿಟ್ಟು, ದೇವರಿದ್ದಾನೆ ಎನ್ನುವವರಿದ್ದಾರೆ. ಇದು ಕರೆಯೋ, ಬರೀ ಹಟವೋ ಎಂದು ಹೇಗೆ ತಿಳಿಯುವುದು? ಖಚಿತವಾದ ಅಳತೆಗೋಲು ಇಲ್ಲ. ನಾನು ಮಾತ್ರ ಒಂದನ್ನು ನೋಡುತ್ತೇನೆ. ಎಡವಿದರೆ ಪೆಟ್ಟು ಯಾರಿಗೆ? ಪೆಟ್ಟೆಲ್ಲ ಇನ್ನೊಬ್ಬರಿಗೆ, ಹೆಸರೆಲ್ಲ ತನಗೆ ಎಂದಿದ್ದರೆ ಅಲ್ಲಿ ದೇವರ ಹೆಸರು ಸುಮ್ಮನೆ ಬಂದಿರುತ್ತದೆ. ತಾಳಿ ಕೊಟ್ಟವಳನ್ನು ಒಂದು ಮಾತು ಕೇಳಿದ್ದರೆ ಅಷ್ಟರಮಟ್ಟಿಗೆ ಮೇಲು.

ಮಠದ ಕತೆ ಹೇಳುವಾಗ ನಾವೆಲ್ಲ ಬಿಟ್ಟುಬಿಡುವ ಒಂದು ಕೊಂಡಿಯೂ ಇದೆ. ಸ್ವಾಮಿಗಳು ಕಾಳು ಬೇಡಿ ಬಂದಾಗ ಎದುರಿಗಿದ್ದ ರೈತರು ಯಾರು? ಅದೇ ಬಯಲುಸೀಮೆಯವರು, ಅದೇ ಮುನಿಸಿನ ಮಳೆ ನಂಬಿದವರು. ಅವರ ಕಣಜವೇನೂ ತುಳುಕುತ್ತಿರಲಿಲ್ಲ. ಸ್ವಾಮಿಗಳಿಗೆ ಬಂದ ಕರೆ ಆ ರೈತರ ಹಟ್ಟಿಯ ಬಾಗಿಲಿಗೂ, ಸ್ವಾಮಿಗಳ ಕಾಲಿನ ಮೇಲೇ, ನಡೆದು ಬಂದಿತ್ತು. ಒಂದು ಮೊರ ರಾಗಿ ಅಳೆದು ಹಾಕಿದರೆ ಮುಂದಿನ ಸುಗ್ಗಿಯವರೆಗೆ ಒಂದು ಮೊರ ಕಡಿಮೆ, ಅದು ಹಾಕುವವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಳೆದರು. ಅವರಿಗೆ ಯಾರೂ ದೀಕ್ಷೆ ಕೊಟ್ಟಿರಲಿಲ್ಲ, ಯಾವ ಬಿರುದೂ ಕೊಡಲಿಲ್ಲ. ಮೊರ ಒದರಿ, ಮನೆಯಾಕೆ ಒಳಗೆ ಹೋಗುವಾಗ, ಗಂಡನೋ ಅತ್ತೆಯೋ ‘ಇಷ್ಟು ಯಾಕೆ ಹಾಕಿದೆ?’ ಎಂದು ಕೇಳಿದ್ದಿರಬಹುದು. ಅದಕ್ಕೆ ಆಕೆ ಈ ಗಾದೆಯನ್ನೇ ಹೇಳಿದ್ದರೆ ಆಶ್ಚರ್ಯವಿಲ್ಲ, ಕೇಳಿದವರು ಗೊಣಗಿಕೊಂಡೇ ಸುಮ್ಮನಾಗಿದ್ದರೆ ಅದೂ ಆಶ್ಚರ್ಯವಲ್ಲ.